ಗಾಳಿ ಕತ್ತರಿಸುತ್ತಿದ್ದ ಮಾಸ್ಟರ್

ನನ್ನದು ಗಡಿಯಾರ ರಿಪೇರಿ ಅಂಗಡಿ, ಪಕ್ಕದವನದು ಕ್ಷೌರದಂಗಡಿ. ನಡುವೆ ಇರುವುದು ಬರೀ ಹಲಗೆಯ ಗೋಡೆ. ಹದಿನೆಂಟು ವರ್ಷದಿಂದ ಅವನ ಕತ್ತರಿಯ ಸದ್ದು ನನ್ನ ಕಿವಿಗೆ, ನನ್ನ ಗಡಿಯಾರಗಳ ಸದ್ದು ಅವನ ಕಿವಿಗೆ. ಬೀದಿಯವರೆಲ್ಲ ಅವನನ್ನು ಮಾಸ್ಟರ್ ಎನ್ನುತ್ತಾರೆ. ಕೈ ಅಷ್ಟು ಚುರುಕು. ನನ್ನ ತಲೆಯಲ್ಲಿ ಉಳಿದಿರುವ ನಾಲ್ಕು ಕೂದಲಿಗೂ ಅರ್ಧ ಗಂಟೆಯ ಕೆಲಸ ಹುಡುಕಿ, ಕೊನೆಗೆ ಹಿಂದೆ ಕನ್ನಡಿ ಹಿಡಿದು, "ಹೆಂಗಿದೆ ಯಜಮಾನ್ರೇ?" ಎಂದು ಕೇಳುವಷ್ಟು ಭಂಡ ಕೂಡ.

ಇಂಥ ಮಾಸ್ಟರನ ಮಗಳ ತಲೆ ಮಾತ್ರ ಪೊದೆ. ಆರು ವರ್ಷದ ಹುಡುಗಿ, ಮನೆಯಲ್ಲಿ ಕರೆಯುವುದು ಗುಬ್ಬಿ ಎಂದು. ಮುಂಗೂದಲು ಕಣ್ಣು ದಾಟಿ ಮೂಗಿನ ತುದಿಗೆ ಬಂದಿತ್ತು. ಅದನ್ನು ಬಾಯಿಂದ ಉಫ್ ಉಫ್ ಎಂದು ಊದಿ ಹಾರಿಸುತ್ತ ಓಡಾಡುತ್ತಿದ್ದಳು. ಕ್ಲಿಪ್ಪು ಹಾಕಿದರೆ ಉರಿ, ರಿಬ್ಬನ್ ಕಟ್ಟಿದರೆ ಅಳು, ಬಾಚಣಿಗೆ ಕಂಡರೆ ಮಂಚದ ಕೆಳಗೆ. ಗಿರಾಕಿಗಳು ಬಿಡುತ್ತಾರೆಯೇ?

"ಊರಿನ ತಲೆಯೆಲ್ಲಾ ನೀಟಾಗಿ ಮಾಡ್ತೀಯ, ಮಗಳ ತಲೆಗೆ ಪುರುಸೊತ್ತಿಲ್ವಾ ಮಾಸ್ಟ್ರೇ?" ಎಂದು ಕಾಲೆಳೆಯುತ್ತಿದ್ದರು. ಅವನು ಹಲ್ಲು ಕಿರಿಯುತ್ತಿದ್ದ.

ಗುಬ್ಬಿಯನ್ನು ಮಕ್ಕಳ ಡಾಕ್ಟರಮ್ಮನ ಹತ್ತಿರ ತೋರಿಸಿದ್ದರು. "ಇದು ಹಟ ಅಲ್ಲ," ಎಂದಿದ್ದರು ಅವರು. "ನಮಗೆ ಸಣ್ಣದಾಗಿ ತಾಗೋದು, ಸಣ್ಣದಾಗಿ ಕೇಳಿಸೋದು ಅವಳಿಗೆ ದೊಡ್ಡದಾಗಿ ಬರುತ್ತೆ. ಮುಂದೆ ಏನಾಗುತ್ತೆ ಅಂತ ಗೊತ್ತಿಲ್ಲದಿದ್ರೆ ಭಯ ಇನ್ನೂ ಜಾಸ್ತಿ." ತಾಯಿಗೆ ಅದು ಅವತ್ತೇ ಅರ್ಥವಾಯಿತು. ಸಂಜೆಯೇ ಬ್ಲೇಡು ಹಿಡಿದು ಕೂತು ಮಗಳ ಅಂಗಿಗಳ ಲೇಬಲ್ಲುಗಳನ್ನೆಲ್ಲ ಬಿಚ್ಚಿದಳು, ಹೊಲಿಗೆ ಚುಚ್ಚದಂತೆ ಕಾಲುಚೀಲಗಳನ್ನು ತಿರುವಿ ಹಾಕಿದಳು. ಮಾಸ್ಟರನಿಗೆ ಅರ್ಥವಾಗಲು ಆರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವನು ಒಂದು ದಡ್ಡತನ ಮಾಡಿಯಾಗಿತ್ತು. ಹೆಂಡತಿಗೆ ಮಗುವನ್ನು ಹಿಡಿದುಕೊಳ್ಳಲು ಹೇಳಿ ಕತ್ತರಿ ಹಾಕಿದ್ದ. ಗುಬ್ಬಿ ಕಿರುಚಿದ್ದು ಇಡೀ ಬೀದಿಗೆ ಕೇಳಿಸಿತು. ನಾನು ಎದ್ದು ಹೋಗಿ ಅವನಿಗೆ ಚೆನ್ನಾಗಿ ಬೈದು ಬಂದೆ.

ಮರುವಾರ ಅವನು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. "ಕೂದಲು ಹಾಳಾಗಿ ಹೋಗ್ಲಿ ಯಜಮಾನ್ರೇ. ಈಗ ನಾನು ಸುಮ್ನೆ ತಲೆ ಸವರೋಕೆ ಹೋದ್ರೂ ತಪ್ಪಿಸ್ಕೊಂಡು ಓಡ್ತಾಳೆ. ಕಂಡೋರ ತಲೆಯೆಲ್ಲಾ ಮುಟ್ಟೋ ಕೈ ಇದು. ನನ್ ಮಗಳ ತಲೆ ಮೇಲೆ ಇಡೋ ಹಾಗಿಲ್ಲ." ಯಾವಾಗಲೂ ನಗಿಸುವ ಮನುಷ್ಯ ಹಾಗೆ ಅಂಗೈ ನೋಡಿಕೊಂಡು ಕೂತುಬಿಟ್ಟ.

ಗುಬ್ಬಿ ಅಪ್ಪನ ಅಂಗಡಿಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಹಾಗಾಗಿ ಶಾಲೆ ಬಿಟ್ಟ ಮೇಲೆ, ತಾಯಿ ಕೆಲಸದಿಂದ ಬರುವ ತನಕ ನನ್ನ ಅಂಗಡಿಯಲ್ಲೇ ಇರುತ್ತಿದ್ದಳು. ಕುಕ್ಕರಿನ ಶಿಳ್ಳೆಗೆ ಹೆದರುವ ಹುಡುಗಿ ಮೂವತ್ತು ಗಡಿಯಾರಗಳ ನಡುವೆ ಹೇಗೆ ಆರಾಮಾಗಿ ಕೂರುತ್ತಾಳೆ ಎಂಬುದು ನನಗೂ ಒಗಟಾಗಿತ್ತು. ಆಗಾಗ ಕೇಳುವಳು, "ವಾಚ್ ತಾತ, ಹೊಡೆಯೋಕೆ ಇನ್ನೆಷ್ಟು ಹೊತ್ತು?" ಐದು ನಿಮಿಷ ಎಂದರೆ ಐದು ನಿಮಿಷವೂ ಮುಳ್ಳನ್ನೇ ನೋಡುವಳು. ಗಂಟೆಯಾಗುವ ಹೊತ್ತಿಗೆ ಎರಡೂ ಕಿವಿ ಮುಚ್ಚಿಕೊಂಡು ತಯಾರು. ಗಡಿಯಾರಗಳೆಲ್ಲ ಢಣಢಣ ಎಂದು ಹೊಡೆದರೆ ಕಿಲಕಿಲ ನಗು.

ಒಂದು ದಿನ ಹಾಗೆ ನಗುತ್ತಿರುವಾಗಲೇ ಗೋಡೆಯಾಚೆ ಕತ್ತರಿ ಶುರುವಾಯಿತು. ಹುಡುಗಿಯ ಭುಜ ಕಿವಿಯ ತನಕ ಏರಿತು.

"ಗಡಿಯಾರ ಇಷ್ಟು ಜೋರಾಗಿ ಹೊಡೆದ್ರೂ ನಗ್ತೀಯ. ಅಪ್ಪನ ಕತ್ತರಿ ಅಂದ್ರೆ ಯಾಕಮ್ಮಾ ಭಯ?" ಎಂದೆ.

"ಗಡಿಯಾರ ಹೇಳಿ ಹೊಡೆಯುತ್ತೆ," ಎಂದಳು. "ಅಪ್ಪನ ಕತ್ತರಿ ಸುಮ್ ಸುಮ್ನೆ ಕಚ್ ಕಚ್ ಅನ್ನುತ್ತೆ. ಅಲ್ಲಿ ಕೂದ್ಲೇ ಇರಲ್ಲ, ಆದ್ರೂ ಅನ್ನುತ್ತೆ. ಯಾವುದು ನಿಜವಾದ ಕಚ್ ಅಂತ ನಂಗೆ ಗೊತ್ತೇ ಆಗಲ್ಲ ತಾತ."

ನಾನು ಗೋಡೆಗೆ ಕಿವಿಯಿಟ್ಟೆ. ಕಚ್. ಆಮೇಲೆ ಕಚ್ ಕಚ್ ಕಚ್. ಮತ್ತೆ ಕಚ್. ಒಂದು ಕೂದಲಿಗೆ, ಮೂರು ಗಾಳಿಗೆ! ಬಾಚಣಿಗೆ ಮುಂದಿನ ಜಾಗಕ್ಕೆ ಹೋಗುವ ತನಕ ಕೈ ಸುಮ್ಮನಿರಲಾರದೆ ಗಾಳಿಯನ್ನೇ ಕತ್ತರಿಸುತ್ತದೆ. ಆ ಕಸುಬಿನವರ ಕೈಗೆ ಅದೊಂದು ತಾಳ. ಹದಿನೆಂಟು ವರ್ಷ ಕೇಳಿಯೂ ನನ್ನ ತಲೆಗೆ ಹೊಳೆದಿರಲಿಲ್ಲ. ಇನ್ನು ಆ ಮಗುವಿಗೆ, ಕಿವಿಯ ಪಕ್ಕದಲ್ಲೇ ಬರುವ ನಾಲ್ಕು ಕಚ್‌ಗಳಲ್ಲಿ ಯಾವುದು ತನ್ನದು ಎಂದು ತಿಳಿಯುವುದಾದರೂ ಹೇಗೆ?

ಎದ್ದು ಹೋಗಿ ಹೇಳಿದೆ. "ನಾನಾ? ಗಾಳಿಲಾ? ಎಲ್ಲಿ ಯಜಮಾನ್ರೇ?" ಎನ್ನುತ್ತಲೇ ಮಾಸ್ಟರ್ ಗಾಳಿಯಲ್ಲಿ ಮೂರು ಸಲ ಕಚ್ ಕಚ್ ಕಚ್ ಎನ್ನಿಸಿದ. ಕುರ್ಚಿಯಲ್ಲಿದ್ದ ಗಿರಾಕಿ ಬಿದ್ದು ಬಿದ್ದು ನಕ್ಕ.

ಆ ಚಾಳಿ ಬಿಡಿಸಲು ಬಲಿಯಾದದ್ದು ನನ್ನ ತಲೆ. ದಿನಾ ಮಧ್ಯಾಹ್ನ ಹೋಗಿ ಕೂರುತ್ತಿದ್ದೆ. ಅವನು ಗಾಳಿ ಕತ್ತರಿಸಿದಾಗಲೆಲ್ಲ ಕುರ್ಚಿಯ ಕೈ ಕುಟ್ಟುತ್ತಿದ್ದೆ. ಮೊದಲ ದಿನ ಕುಟ್ಟಿ ಕುಟ್ಟಿ ನನ್ನ ಬೆರಳೇ ನೋಯಿತು. ಗಿರಾಕಿಗಳಿಗೂ ಕಸಿವಿಸಿ. "ಏನ್ ಮಾಸ್ಟ್ರೇ, ಮೈ ಹುಷಾರಿಲ್ವಾ? ಕತ್ತರಿ ಮಾತೇ ಆಡ್ತಿಲ್ಲ!" ಒಬ್ಬನಂತೂ ಅರ್ಧ ಕಟಿಂಗ್ ಮಾಡಿ ಕಳಿಸುತ್ತಿದ್ದಾನೆ ಎಂದು ಜಗಳಕ್ಕೇ ನಿಂತ. ಮೂರು ವಾರ ಹಿಡಿಯಿತು. ನನ್ನ ನಾಲ್ಕು ಕೂದಲಲ್ಲಿ ಎರಡು ಉಳಿದವು.

ರಜೆಯ ದಿನ, ನನ್ನ ಅಂಗಡಿಯಲ್ಲೇ ಏರ್ಪಾಡಾಯಿತು. ಕುತ್ತಿಗೆಗೆ ಬಿಗಿಯುವ ಬಟ್ಟೆಯಿಲ್ಲ, ನೀರು ಚಿಮ್ಮಿಸುವುದಿಲ್ಲ. ಅಪ್ಪನ ಒಗೆದು ಒಗೆದು ಮೆತ್ತಗಾದ ಅಂಗಿ ತೊಟ್ಟು ಗುಬ್ಬಿ ಸ್ಟೂಲು ಹತ್ತಿದಳು. ಒಪ್ಪಂದ ಇಷ್ಟೇ: ಒಟ್ಟು ಹತ್ತು ಕಚ್. ಪ್ರತಿಯೊಂದಕ್ಕೂ ಅಪ್ಪ "ಈಗ?" ಎಂದು ಕೇಳಬೇಕು, ಅವಳು "ಈಗ" ಎಂದ ಮೇಲೆಯೇ ಕತ್ತರಿಸಬೇಕು. ತಾಯಿ ಬಾಗಿಲಲ್ಲಿ ನಿಂತಳು.

ಒಂದು. ಎರಡು. ಐದರ ಹೊತ್ತಿಗೆ ಹುಡುಗಿ "ನಿಲ್ಲು!" ಎಂದಳು. ಅವನು ಹಾಗೇ ನಿಂತ. ಕತ್ತರಿ ಗಾಳಿಯಲ್ಲಿ ಬಾಯಿ ತೆರೆದುಕೊಂಡಿತ್ತು. ಒಂದು ಸದ್ದಿಲ್ಲ. ನಾನು ಮನಸ್ಸಿನಲ್ಲೇ ಭೇಷ್ ಎಂದೆ. ಆಮೇಲೆ ಗುಬ್ಬಿ ಸಣ್ಣ ದನಿಯಲ್ಲಿ, "ಹ್ಞೂಂ, ಈಗ."

ಹತ್ತು ಮುಗಿಯಿತು. ಬಲಗಣ್ಣು ಹೊರಬಂದಿತ್ತು. ಎಡಗಣ್ಣಿನ ಮೇಲೆ ಒಂದು ಕೂದಲ ಕುಚ್ಚು ಇನ್ನೂ ಜೋತಾಡುತ್ತಿತ್ತು. ಒಂದೇ ಒಂದು ಕಚ್, ಸಮವಾಗಿಬಿಡುತ್ತಿತ್ತು. ಗಿರಾಕಿಯ ಕಿವಿಯ ಹಿಂದೆ ಒಂದು ಕೂದಲು ಉಳಿಯಿತೆಂದು ಬೀದಿಯ ತುದಿಯ ತನಕ ಅಟ್ಟಿಸಿಕೊಂಡು ಹೋದ ಮನುಷ್ಯ ಅವನು. ಹೆಂಡತಿ ಬೆರಳೆತ್ತಿ "ಇನ್ನೊಂದೇ" ಎಂದು ಸನ್ನೆ ಮಾಡಿದಳು. ಅವನು ಆ ಕುಚ್ಚನ್ನೇ ನೋಡಿದ. ನೋಡಿ, ಕತ್ತರಿಯನ್ನು ನನ್ನ ಮೇಜಿನ ಮೇಲೆ ಇಟ್ಟ.

"ಹತ್ತಾಯ್ತು ಗುಬ್ಬಿ. ಮುಗೀತು."

ಮರುದಿನ ಅವಳು ಓರೆ ಮುಂಗೂದಲಲ್ಲೇ ಶಾಲೆಗೆ ಹೋದಳು. ಬೀದಿ ಸುಮ್ಮನಿರಲಿಲ್ಲ. "ಮಾಸ್ಟ್ರೇ, ಕನ್ನಡಕ ಬೇಕಾ?" ಎಂದರು. "ಹತ್ತೇ ಅಂತ ಮಾತಾಗಿತ್ತು," ಎಂದು ಅವನು ಎದೆಯುಬ್ಬಿಸಿಕೊಂಡು ಎಲ್ಲರಿಗೂ ಹೇಳಿದ. ಅವರಿಗೆ ತಲೆಬುಡ ತಿಳಿಯಲಿಲ್ಲ.

ಸಂಜೆ ಶಾಲೆಯ ಚೀಲ ಹೊತ್ತು ಬಂದ ಗುಬ್ಬಿ ನನ್ನ ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಪಕ್ಕದಂಗಡಿಗೆ ಹೋದಳು. ನಾನು ಬಿಚ್ಚಿಟ್ಟ ವಾಚನ್ನು ಹಾಗೇ ಬಿಟ್ಟು ಹಿಂದೆ ಓಡಿದೆ. ಹೊಸ್ತಿಲು ದಾಟಿ ಒಳಗೆ ನಿಂತಿದ್ದಳು. ಕುರ್ಚಿಯಲ್ಲಿ ಕೆನ್ನೆಗೆಲ್ಲ ಸೋಪು ಹಚ್ಚಿಸಿಕೊಂಡ ಗಿರಾಕಿಯೊಬ್ಬ ಕಾಯುತ್ತಿದ್ದ.

"ಅಪ್ಪಾ, ಇವತ್ತು ಹನ್ನೊಂದು ಕಚ್."

ಮಾಸ್ಟರ್ ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು ಮಂಡಿಯೂರಿದ. ಕೈ ಅವಳ ತಲೆಯ ಕಡೆ ಹೋಗಿ ಅರ್ಧದಲ್ಲೇ ನಿಂತಿತು.

"ಈಗ?" ಎಂದು ಕೇಳಿದ.

ಅವಳು ಆ ಕೈಯನ್ನೇ ನೋಡಿದಳು. ಸೋಪು ಹಚ್ಚಿಕೊಂಡವನೂ ಕನ್ನಡಿಯಲ್ಲಿ ಕಣ್ಣು ನೆಟ್ಟು ಕೂತಿದ್ದ.

"ಹ್ಞೂಂ, ಈಗ," ಎಂದು ತಲೆಯನ್ನು ಅವಳೇ ಮುಂದಕ್ಕೆ ಬಾಗಿಸಿ ಆ ಕೈಯ ಕೆಳಗೆ ಇಟ್ಟಳು.