ಶಾಹಜಾನಬಿಯ ಏಳನೇ ಬಿಲ್ಲೆ

ಬಳ್ಳಾರಿಯ ನಮ್ಮ ಲ್ಯಾಬಿನಲ್ಲಿ ಉರಿಮೂತ್ರದ ಕ್ರಿಮಿಗಳು ಹೆದರುವುದು ಡಾಕ್ಟರಿಗಲ್ಲ, ಟೆಕ್ನಿಷಿಯನ್ ಶಾಹಜಾನಬಿಗೆ. ಉಪ್ಪಿನಕಾಯಿ ಬಾಟಲಿಯಲ್ಲಿ ಮೂತ್ರ ತಂದ ಸಿರುಗುಪ್ಪದ ಯಜಮಾನರನ್ನು, “ಇದರಾಗ ಉಪ್ಪಿನಕಾಯಿ ಕ್ರಿಮಿ ಬೆಳೀತಾವ್ರಿ, ನಿಮ್ಮವಲ್ಲ!” ಎಂದು ವಾಪಸು ಕಳಿಸುತ್ತಾಳೆ. ನಾದಿನಿ ಉಳಿಸಿಟ್ಟ ಗುಳಿಗೆ ನುಂಗಿ ಬಂದವರಿಗೆ ಬೈಗುಳ ಇನ್ನೂ ಜೋರು. ದಿನಾ ಬೆಳಿಗ್ಗೆ ಕ್ರಿಮಿ ಬೆಳೆಸಿದ ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದು, ಅದರ ಮೇಲಿಟ್ಟ ಔಷಧದ ಬಿಲ್ಲೆಗಳನ್ನು ಒಂದೊಂದಾಗಿ ನೋಡುತ್ತಾಳೆ: “ಇದು ಸೋತೈತಿ, ಇದೂ ಸೋತೈತಿ.” ಇವತ್ತು ಕುರುಗೋಡಿನ ಸುನಂದಮ್ಮನ ತಟ್ಟೆಯಲ್ಲಿ ಆರು ಬಿಲ್ಲೆ ಸೋತವು; ಕ್ರಿಮಿಗಳು ಅವುಗಳ ಅಂಚಿನವರೆಗೂ ಬೆಳೆದಿದ್ದವು. ಏಳನೆಯದರ ಸುತ್ತ ಕ್ರಿಮಿಗಳೆಲ್ಲ ಸತ್ತು ದುಂಡನೆಯ ಬಯಲು! “ಗೆದ್ದೆವ್ರಿ!” ಎಂಬ ಕೂಗಿಗೆ ಲ್ಯಾಬೇ ಎದ್ದು ನಿಂತಿತು. ಡಾಕ್ಟರಿಗೆ ರಿಪೋರ್ಟ್ ಕಳಿಸಿ, ಸುನಂದಮ್ಮನಿಗೆ ಫೋನು ಹಚ್ಚಿದಳು: “ಅಕ್ಕಾ, ಡಾಕ್ಟರ್ ಎಷ್ಟು ದಿನ ಹೇಳ್ತಾರ, ಅಷ್ಟೂ ದಿನ ಗುಳಿಗಿ ನುಂಗ್ರಿ. ನಮ್ಮ ಅಮ್ಮಿ ಎರಡೇ ದಿನಕ್ಕ ನಿಲ್ಲಿಸಿದ್ರು, ಆಮ್ಯಾಲ ಯಾವ ಔಷಧಾನೂ ನಾಟಲಿಲ್ಲ. ಈ ತಟ್ಟಿ ನೋಡಾಕ ಅವ್ರು ಇರಬೇಕಿತ್ತು.”