ಸಿಸ್ಟರ್ ಹೇಳಿದ್ದು, ನಾನು ಹೇಳಿದ್ದು

ರೇಣುಕಾ, ನಿನ್ನವ್ವ ನಿನ್ನನ್ನು ನೋಡಲು ಊರಿಗೆ ಬರಲಿಲ್ಲವಲ್ಲ — ಅದು ನನ್ನಿಂದ. ಹೋಗಿ ಬಾ ಅಂತ ಆಸ್ಪತ್ರೆಯ ಸಿಸ್ಟರ್ ಹೇಳಿದ್ದಳು. ಆ ಮಾತನ್ನು ನಿನ್ನವ್ವನಿಗೆ ಮುಟ್ಟಿಸಬೇಕಾದವಳು ನಾನು. ಮುಟ್ಟಿಸಲಿಲ್ಲ. ಬೇರೆ ಮಾತು ಹೇಳಿದೆ. ಸುಳ್ಳು ಹೇಳಿದೆ.

ಎದುರಿಗೆ ಬಂದು ಹೇಳಬಹುದಿತ್ತು. ನಾನಿರುವ ಕಲ್ಯಾಣದಿಂದ ನೀನಿರುವ ಕಾಮೋಠೆ ಏನು ಪರದೇಶವಲ್ಲ. ಫೋನೂ ಇದೆ. ಆದರೆ ನೀನು ಅಳುತ್ತೀ. ನೀನು ಅತ್ತರೆ ನಾನು ಮತ್ತೆ ಏನಾದರೊಂದು ಸವಿ ಮಾತು ಸೇರಿಸಿಬಿಡುತ್ತೇನೆ — ನನ್ನ ಬಾಯಿಯ ಗುಣ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ಅಕ್ಷರ ಸೊಟ್ಟಪಟ್ಟ ಇರುತ್ತವೆ. ನೀನು ಊರಲ್ಲಿ ಕನ್ನಡ ಸಾಲಿ ಕಲಿತವಳು, ಕೂಡಿಸಿ ಓದಿಕೋ. ನಿನ್ನ ಗಂಡ ಇಲ್ಲೇ ಹುಟ್ಟಿದವನು, ಅವನಿಗೆ ಕನ್ನಡ ಓದಲು ಬರುವುದಿಲ್ಲ. ಬೇಕಾದರೆ ನೀನೇ ಹಿಂದಿಯಲ್ಲಿ ಹೇಳು. ಹೇಳುವಾಗ ಒಂದು ಮಾತೂ ಬದಲಿಸಬೇಡ.

ಆಗ ನೀನು ಸಣ್ಣವಳು. ನಿನ್ನನ್ನು ಸಾಲಿಗೆ ಅಂತ ಇಂಡಿ ಕಡೆ, ನಿನ್ನವ್ವನ ತವರಲ್ಲಿ ಬಿಟ್ಟಿದ್ದರು. ನಿನ್ನಪ್ಪ ಮಲ್ಲಪ್ಪ ಇಲ್ಲಿ ಮಾರ್ಕೆಟ್ಟಿನಲ್ಲಿ ಹಮಾಲಿ. ನಿನ್ನವ್ವ ನೀಲವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಚಾಳಿನಲ್ಲಿ ಅವರ ಖೋಲಿಗೂ ನನ್ನ ಖೋಲಿಗೂ ಒಂದೇ ಗೋಡೆ. ಎದೆಯಲ್ಲಿ ಗಂಟು ಬಂದದ್ದನ್ನು ಅವಳು ಬಹಳ ದಿನ ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಗಾಯ ಒಡೆದು ನಾತ ಬಂದ ಮೇಲೆ ನನಗೆ ತಿಳಿಯಿತು. ಬೈದೆ, ಮರುದಿನವೇ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ ನೆರೂಳದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕ್ಯಾನ್ಸರ್ ಅಂದರು. ಎದೆ ದಾಟಿ ಮುಂದೆ ಹೋಗಿದೆ ಅಂದರು. ಅವತ್ತಿನಿಂದ ಪ್ರತಿ ಸಲವೂ ನಾನೇ ಕರೆದುಕೊಂಡು ಹೋದೆ. ಅಷ್ಟು ಮಾಡಿದ್ದು ನಿಜ. ಅದರ ಮರೆಯಲ್ಲಿ ನಿಲ್ಲುವುದಿಲ್ಲ.

ಅಲ್ಲಿ ಒಬ್ಬ ಸಿಸ್ಟರ್ ಇದ್ದಳು, ಮರಾಠಿ ಹೆಂಗಸು. ವಾರಕ್ಕೊಮ್ಮೆ ನಿನ್ನವ್ವನಂಥ ಹೆಂಗಸರನ್ನು — ಬ್ಯಾನಿ ಬಹಳ ಮುಂದೆ ಹೋದವರನ್ನು — ಒಂದು ಖೋಲಿಯಲ್ಲಿ ಕೂಡಿಸುತ್ತಿದ್ದಳು. ಡಾಕ್ಟರು ನಿಂತು ಹೇಳಿ ಹೋಗುತ್ತಿದ್ದರು, ಇವಳು ಕುಂತು ಹೇಳುತ್ತಿದ್ದಳು. ಗಾಯ ಹೇಗೆ ತೊಳೆಯಬೇಕು, ನಾತ ಬರದಂತೆ ಯಾವ ಪುಡಿ ಉದುರಿಸಬೇಕು, ಕೈ ಬಾತರೆ ಹೇಗೆ ಎತ್ತಿ ಇಟ್ಟುಕೊಳ್ಳಬೇಕು. ನೋವಿನ ಗುಳಿಗಿ ನೋವು ಬಂದ ಮೇಲೆ ನುಂಗುವುದಲ್ಲ, ಹೊತ್ತಿಗೆ ಸರಿಯಾಗಿ ನುಂಗಬೇಕು. ಹೆದರಿಕೆ ಆದರೆ ಯಾರ ಹತ್ತಿರ ಹೇಳಬೇಕು. ಮಕ್ಕಳಿಗೆ ಏನು ಹೇಳಬೇಕು. ಅಲ್ಲಿ ನಮ್ಮ ಕಡೆಯ ಹೆಂಗಸರೂ ಇದ್ದರು, ಕಲಬುರಗಿಯವರು, ರಾಯಚೂರಿನವರು. ಅವರಿಗೆ ಮರಾಠಿ ಬರುತ್ತಿರಲಿಲ್ಲ. ಹಿಂದಿ ಅಂದರೆ ಇಟ್ಟಂಗಿ ತಾ, ಸಿಮೆಂಟ್ ತಾ, ಅಷ್ಟೇ. ನಾನು ಈ ಊರಿಗೆ ಬಂದು ಮುದುಕಿಯಾದವಳು, ಮರಾಠಿ ಬರುತ್ತದೆ. ಸಿಸ್ಟರ್ ನನ್ನನ್ನು ಹಿಡಿದುಕೊಂಡಳು. "ಮಾವಶಿ, ನಾನು ಹೇಳಿದ್ದನ್ನು ಇವರಿಗೆ ಕನ್ನಡದಲ್ಲಿ ಹೇಳಿ" ಅಂದಳು.

ಹೇಳಿದೆ. ಚೆನ್ನಾಗಿಯೇ ಹೇಳಿದೆ. ಬಾತ ಕೈಯಲ್ಲಿ ಕೊಡ ಹೊರಬಾರದು ಅಂತ ಸಿಸ್ಟರ್ ಅಂದಾಗ ಕಲಬುರಗಿಯ ಒಬ್ಬಾಕಿ, "ಇದನ್ನ ನಮ್ಮನಿಯಾಂವಗ ಹೇಳ್ರಿ ಆಯಿ, ನಾ ಹೇಳಿದ್ರ ನಾಟಕ ಅಂತಾನ" ಅಂದಳು. ನಾನು ಸಿಸ್ಟರ್ ಹೆಸರಲ್ಲೇ, "ಸಿಸ್ಟರ್ ಅಂತಾಳ, ನಿನ್ನ ಗಂಡನ ತಲಿ ಮ್ಯಾಲೆ ಎರಡು ಕೊಡ ಇಟ್ಟು ಕಳಸು ಅಂತ" ಅಂದೆ. ನಕ್ಕು ನಕ್ಕು ಎದೆ ನೋಯ್ತದೆ ಸುಮ್ಮನಿರ್ರಿ ಅಂದರು. ಉಡುಪಿ ಕಡೆಯ ಹೋಟೆಲ್ಲಿನವರ ಮನೆ ಹೆಂಗಸು ಒಬ್ಬಳಿದ್ದಳು, "ನಿಮ್ಮ ಕನ್ನಡ ತಿಳೀಲಿಕ್ಕೆ ನಂಗೆ ಇನ್ನೊಬ್ರು ಸಿಸ್ಟರ್ ಬೇಕು ಮಾರಾಯ್ರೆ" ಅನ್ನುತ್ತಿದ್ದಳು. ಸಿಸ್ಟರಿಗೆ ಏನೂ ತಿಳಿಯದಿದ್ದರೂ ಅವಳೂ ನಗುತ್ತಿದ್ದಳು. ಸಿಸ್ಟರ್ ಒಂದು ಹೇಳಿದರೆ ನಾನು ಒಂದೂವರೆ ಹೇಳುವುದು ರೂಢಿಯಾಯಿತು. ಆ ಹೆಂಗಸರು ಸಿಸ್ಟರ್ ಮುಖ ನೋಡುವುದು ಬಿಟ್ಟು ನನ್ನ ಮುಖ ನೋಡತೊಡಗಿದರು. ಅದು ನನಗೆ ಹಿತವಾಗಿತ್ತು — ಮುಚ್ಚಿಡುವುದಿಲ್ಲ, ಬಹಳ ಹಿತವಾಗಿತ್ತು. ಜನ್ಮದಲ್ಲಿ ನನ್ನ ಮಾತಿಗೆ ಅಷ್ಟು ಜನ ಕಾದು ಕುಂತದ್ದು ಅದೇ ಮೊದಲು.

ಒಂದು ದಿನ ಸಿಸ್ಟರ್ ನಿನ್ನವ್ವನನ್ನು ಬೇರೆ ಕರೆದಳು. ನಾವು ಮೂರೇ ಜನ. ಬಾಗಿಲು ಹಾಕಿದಳು. ಮೊದಲು ಕೇಳಿದ್ದು ಇದು: ನಿನ್ನ ಬ್ಯಾನಿಯ ಬಗ್ಗೆ ನಿನಗೆ ಎಷ್ಟು ತಿಳಿಯಬೇಕು? ಎಲ್ಲಾ ಹೇಳಲೋ, ಬೇಡವೋ? ಇಂಥ ಮಾತು ಯಾರಾದರೂ ಕೇಳುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಕನ್ನಡದಲ್ಲಿ ಹೇಳಿದೆ. ನಿನ್ನವ್ವ ತಡ ಮಾಡಲಿಲ್ಲ. "ಎಲ್ಲಾ ಹೇಳಂತ ಹೇಳು ಆಯಿ. ನನಗ ಮಗಳದಾಳ" ಅಂದಳು.

ಅದನ್ನು ನಾನು ಸಿಸ್ಟರಿಗೆ ಸರಿಯಾಗಿಯೇ ಹೇಳಿದೆ. ಅಲ್ಲಿಯವರೆಗೆ ಎಲ್ಲಾ ಸರಿ.

ಆಗ ಸಿಸ್ಟರ್ ಹೇಳಿದಳು. ಅವಸರ ಮಾಡದೆ ಹೇಳಿದಳು. ಬ್ಯಾನಿ ಎಲುಬಿಗೆ ಇಳಿದಿದೆ. ಇದು ವಾಸಿ ಆಗುವುದಿಲ್ಲ. ನೋವು ಬರದ ಹಾಗೆ ನೋಡಿಕೊಳ್ಳುತ್ತೇವೆ, ಕೈ ಬಿಡುವುದಿಲ್ಲ. ಈಗ ಕಾಲಲ್ಲಿ ಬಲ ಇದೆ, ಗಾಡಿಯಲ್ಲಿ ಕುಂತು ಹೋಗಬಲ್ಲಳು. ಮಗಳ ಹತ್ತಿರ ಹೋಗುವ ಮನಸ್ಸಿದ್ದರೆ ಈಗಲೇ ಹೋಗಿ ಬರಲಿ. ಮುಂದೆ ಹೋಗೋಣ ಅನ್ನುವುದು ಬೇಡ. ಗುಳಿಗಿ, ಪಟ್ಟಿ ಎಲ್ಲಾ ನಾನು ಕಟ್ಟಿಕೊಡುತ್ತೇನೆ.

ಹೇಳಿ ನನ್ನ ಕಡೆ ನೋಡಿದಳು. ನಿನ್ನವ್ವನೂ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಏನಂದ್ಳು ಆಯಿ?"

"ಗುಳಿಗಿ ಚಂದಂಗ ತಗೊಂಡ್ರ ಆರಾಮ ಆಗ್ತಿ ಅಂದ್ಳು. ದೀಪಾವಳಿಗೆ ಊರಿಗೆ ಹೋಗಬಹುದಂತ. ಅಲ್ಲೀತನಕ ಎಲ್ಲಿಗೂ ಹೋಗಬ್ಯಾಡ ಅಂದ್ಳು."

ಇದೇ ಆ ಮಾತು. ಇಷ್ಟೇ. ಹೇಳಲು ಒಂದು ಉಸಿರು ಸಾಕಾಯಿತು.

ನಿನ್ನವ್ವ ಕೂದಲುದುರಿದ ತಲೆಗೆ ಕಟ್ಟಿದ್ದ ಅರಿವೆ ಸರಿ ಮಾಡಿಕೊಂಡು, "ಅಷ್ಟೊತ್ತಿಗೆ ಕೂದಲಾನೂ ಬರ್ತಾವಲ್ಲ?" ಅಂದಳು. ಬರ್ತಾವ ಅಂದೆ. ಅವಳು ಸಿಸ್ಟರ್‌ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಸಿಸ್ಟರ್ ಕಣ್ಣಲ್ಲಿ ನೀರು ಬಂತು. ಎಂಥ ಗಟ್ಟಿ ಹೆಂಗಸು, ಇಷ್ಟು ಕೇಳಿಯೂ ನಗುತ್ತಾಳೆ ಅಂತ ಅವಳು ತಿಳಿದಳು. ನಡುವೆ ನಾನು ನಿಂತಿದ್ದೆ. ಇಬ್ಬರಿಗೂ ಸುಳ್ಳು ಹೇಳಿದವಳು.

ಕನಿಕರದಿಂದ ಹೇಳಿದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಕನಿಕರ ಇದ್ದರೆ — ಅವಳು ಬಾಯಿ ಬಿಟ್ಟು ಕೇಳಿದ್ದಳಲ್ಲ, ಎಲ್ಲಾ ಹೇಳಂತ! ಅವಳ ಮುಖ ಬಾಡುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಕೆಟ್ಟ ಮಾತು ನನ್ನ ಬಾಯಿಂದ ಬರಬಾರದು, ಸಿಹಿ ಮಾತು ಬರಬೇಕು, ಅವಳು ಆಯಿ ಆಯಿ ಅನ್ನುತ್ತಿರಬೇಕು. ಕಾರಣ ಅದೇ.

ಆಮೇಲೆ ಫೋನು. ನಿನಗೆ ನೆನಪಿದೆ, ನೀನೇ ನನಗೆ ಹೇಳಿದ್ದೀ. "ಅವ್ವಾ, ಈಗ ಬಾ" ಅಂತ ನೀನು ಅತ್ತದ್ದು, "ಹಟ ಮಾಡಬ್ಯಾಡ, ದೀಪಾವಳಿಗೆ ಬರ್ತೀನಿ" ಅಂತ ಅವಳು ಫೋನು ಇಟ್ಟದ್ದು. ಅದು ನನ್ನ ಫೋನು, ನಾನು ಪಕ್ಕದಲ್ಲೇ ಇದ್ದೆ. ನಿನಗೆ ಕೇಳಿಸಿದ್ದು ಅಷ್ಟೇ. ಉಳಿದದ್ದನ್ನು ನಾನು ನೋಡಿದ್ದೇನೆ. ಫೋನು ಇಟ್ಟು ಅವಳು, "ನೋಡು ಆಯಿ, ಹಟಮಾರಿ, ನನ್ನಂಗ ಆಗ್ಯಾಳ" ಅಂತ ನಕ್ಕಳು. ಆಮೇಲೆ, "ಈ ಬೋಳ ತಲಿ ನೋಡಿದ್ರ ಕೂಸು ಅಂಜ್ತಾಳ. ಕೂದಲಾ ಬರ್ಲಿ, ಹೆರಳ ಹಾಕ್ಕೊಂಡು ಹೋಗ್ತೀನಿ" ಅಂದಳು. ನೀನು ಬೇಡವಾಗಿರಲಿಲ್ಲ ರೇಣುಕಾ. ಮುಂದೆ ದಿನ ಇದೆ ಅಂತ ಅವಳು ನಂಬಿದ್ದಳು. ನಂಬಿಸಿದವಳು ನಾನು. ಆಗಲಾದರೂ ಹೇಳಬಹುದಿತ್ತು, ಇನ್ನೂ ಅವಳು ನಡೆದಾಡುತ್ತಿದ್ದಳು — ಹೇಳಲಿಲ್ಲ.

ದೀಪಾವಳಿಗೆ ಮೊದಲೇ ಬೆನ್ನು ಹಿಡಿಯಿತು, ಕಾಲಿನ ಬಲ ಹೋಯಿತು. ಕುಂಡರಲು ಆಗಲಿಲ್ಲ. ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಸಿಸ್ಟರ್ ನನ್ನನ್ನು ಹೊರಗೆ ಕರೆದು, "ಮಾವಶಿ, ಇವಳು ಊರಿಗೆ ಯಾಕೆ ಹೋಗಲಿಲ್ಲ?" ಅಂತ ಮರಾಠಿಯಲ್ಲಿ ಕೇಳಿದಳು. ಗಂಡ ಕಳಿಸಲಿಲ್ಲ ಅಂದೆ. ನಿನ್ನಪ್ಪನ ತಲೆಗೆ ಕಟ್ಟಿದೆ. ಅವನೂ ಪಾಪ, ಮನೆಗೆ ಬಂದು ನಾನು ಏನು ಹೇಳಿದರೆ ಅದನ್ನೇ ನಂಬಿ ಹಮಾಲಿಗೆ ಹೋಗುತ್ತಿದ್ದ. ಈಗ ಅವನೂ ಇಲ್ಲ. ಅವನ ಹತ್ತಿರ ತಪ್ಪು ಒಪ್ಪಿಕೊಳ್ಳುವುದು ತಪ್ಪಿಯೇ ಹೋಯಿತು.

ಆವತ್ತು ಸಿಸ್ಟರ್ ನನ್ನ ದಾರಿ ಕಾಯಲಿಲ್ಲ. ತಾನೇ ನಿನ್ನವ್ವನ ಪಕ್ಕದಲ್ಲಿ ಕುಂತು, ಹಿಂದಿಯಲ್ಲಿ ಒಂದೊಂದೇ ಮಾತು ಬಿಡಿಸಿ, ಕೈಸನ್ನೆ ಮಾಡಿ ಹೇಳಿದಳು. ಮಗಳನ್ನು ಇಲ್ಲಿಗೇ ಕರೆಸಿ, ತಡ ಮಾಡಬೇಡಿ ಅಂದಳು. ನಿನ್ನವ್ವನಿಗೆ ತಿಳಿಯಿತು. ನನ್ನ ಕಡೆ ತಿರುಗಿದಳು.

"ಇದನ್ನ ಮೊದಲ ಯಾಕ ಹೇಳಲಿಲ್ಲ ಇಕಿ?"

ಆಗ ಒಪ್ಪಿಕೊಂಡಿದ್ದರೂ ಆಗುತ್ತಿತ್ತು. ಆ ಬಾಗಿಲು ಅವಳೇ ತೆರೆದಿದ್ದಳು. ನಾನು ಅಂದೆ, "ಇವರು ಹಿಂಗ ನೀಲವ್ವ. ಕಡೀಗೆ ಹೇಳ್ತಾರ."

ಅವತ್ತಿನಿಂದ ನಿನ್ನವ್ವ ಸಿಸ್ಟರ್ ಜೊತೆ ಮಾತು ಬಿಟ್ಟಳು. ಸಿಸ್ಟರ್ ಗಾಯ ತೊಳೆಯಲು ಬಂದರೆ ಗೋಡೆ ಕಡೆ ಮುಖ ಮಾಡುತ್ತಿದ್ದಳು. ತನ್ನ ಮೈಯ ನಾತಕ್ಕೆ ಒಮ್ಮೆಯೂ ಮೂಗು ಮುಚ್ಚದವಳ ಮೇಲೆ ಸಿಟ್ಟು ಮಾಡಿಕೊಂಡೇ ಹೋದಳು. ನಿನ್ನನ್ನು ಕರೆದುಕೊಂಡು ನಿನ್ನಜ್ಜಿ ಹೊರಟದ್ದು, ಸೊಲ್ಲಾಪುರದಲ್ಲಿ ಗಾಡಿ ತಪ್ಪಿದ್ದು, ನೀವು ಬರುವ ಹೊತ್ತಿಗೆ ಎಲ್ಲಾ ಮುಗಿದದ್ದು ನಿನಗೇ ಗೊತ್ತಿದೆ. ಅವಳು ಕಡೆಯವರೆಗೆ ನನ್ನ ಕೈ ಹಿಡಿದಿದ್ದಳು. ನನ್ನದು! ಅದನ್ನು ನೆನೆದರೆ ಈ ಕೈಯಿಂದ ಉಣ್ಣಲು —

ಇರಲಿ.

ನೀನು ಮದುವೆಯಾಗಿ ಕಾಮೋಠೆಗೆ ಬಂದೆ. ನಿನ್ನವ್ವನನ್ನು ನೋಡಿಕೊಂಡ ಆಯಿ ಅಂತ ನಿನ್ನಪ್ಪ ನನ್ನನ್ನು ತೋರಿಸಿದ್ದ. ಹಬ್ಬಕ್ಕೆ ನೀನು ಸೀರೆ ತಂದೆ, ನನ್ನ ಕಾಲು ಮುಟ್ಟಿದೆ. ನಾನು ಮುಟ್ಟಿಸಿಕೊಂಡೆ. ಈಗ ಹದಿನೈದು ದಿನದ ಕೆಳಗೆ ಕೂಸನ್ನು ತಂದು ನನ್ನ ಮಡಿಲಲ್ಲಿ ಹಾಕಿದೆ. ಚಾಳಿನ ಹೆಂಗಸರೆಲ್ಲ ಸೇರಿದ್ದರು. ಮುಂದೆ ತೊಟ್ಟಿಲಿಗೆ ಹಾಕುವಾಗ ಅಜ್ಜಿ ಹೆಸರೇ ಇಡಬೇಕವ್ವ, ನೀಲವ್ವನೇ ಹುಟ್ಟಿ ಬಂದಾಳ ಅಂತ ಅವರು ಅಂದರು. ನೀನು ಏನಂದೆ?

"ನನ್ನ ನೋಡಾಕ ಬರಲಾರದಾಕಿ ಹೆಸರು ನನ್ನ ಮಗಳಿಗೆ ಬ್ಯಾಡ. ಈ ಆಯಿ ಹೆಸರು ಇಡ್ತೀನಿ. ಗಂಗಾ ಅಂತ."

ಎಲ್ಲರೂ ಭೇಷ್ ಅಂದರು. "ಮುದುಕಿ ನಸೀಬ ಖುಲಾಯಿಸ್ತು" ಅಂತ ಚಾಷ್ಟಿ ಮಾಡಿದರು. ನಾನೂ ನಕ್ಕೆ. ಇಷ್ಟಾದ ಮೇಲೂ ನಕ್ಕೆ, ನೋಡು.

ಮರುದಿನ ನೆರೂಳಕ್ಕೆ ಹೋದೆ. ಆ ಸಿಸ್ಟರ್ ಇನ್ನೂ ಅಲ್ಲೇ ಇದ್ದಾಳೆ, ತಲೆ ಬೆಳ್ಳಗಾಗಿದೆ. ನೀಲವ್ವ ಅಂದರೆ ಮೊದಲು ನೆನಪಾಗಲಿಲ್ಲ. ಗೋಡೆ ಕಡೆ ಮುಖ ಮಾಡುತ್ತಿದ್ದವಳು ಅಂದೆ. ತಟ್ಟನೆ ನನ್ನನ್ನು ನೋಡಿದಳು. "ನಾನು ಹೇಳಿದ ರೀತಿಯೇ ತಪ್ಪಾಗಿತ್ತೇನೋ ಅಂತ ಬಹಳ ವರ್ಷ ಯೋಚಿಸಿದೆ ಮಾವಶಿ. ಆಮೇಲೆ ಯಾರಿಗೆ ಹೇಳಬೇಕಾದರೂ ಅವಳ ಮುಖ ಕಣ್ಣ ಮುಂದೆ ಬರುತ್ತಿತ್ತು" ಅಂದಳು. ಆಗ ನಾನು ಎಲ್ಲಾ ಹೇಳಿದೆ. ಅವಳು ಬೈಯಲಿಲ್ಲ. ಹೋಗಲಿ ಬಿಡಿ ಅಂತಲೂ ಅನ್ನಲಿಲ್ಲ. ಸುತ್ತುತ್ತಿದ್ದ ಪಟ್ಟಿಯನ್ನು ಪಕ್ಕಕ್ಕಿಟ್ಟಳು. ಮಗಳಿಗೆ ನೀವೇ ಹೇಳುತ್ತೀರಾ ಅಂತ ನಾನು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದಳು. "ನೀವೇ ಹೇಳಿ. ಇದ್ದದ್ದು ಇದ್ದ ಹಾಗೆ" ಅಂದಳು. ಒಳಗಿನಿಂದ ಯಾರೋ ಕರೆದರು, ಎದ್ದು ಹೋದಳು.

ಅದಕ್ಕೇ ಇದು.

ಕ್ಷಮಿಸು ಅಂತ ಬರೆಯುವುದಿಲ್ಲ. ಬರೆದರೆ ನಿನಗೆ ಅದೊಂದು ಹೊಸ ಕೆಲಸ ಹಚ್ಚಿದಂತೆ. ನಿನ್ನವ್ವನ ಹೆಸರು ಇಡು ಅಂತಲೂ ಹೇಳುವುದಿಲ್ಲ. ಕೂಸು ನಿನ್ನದು. ಅವಳ ಮಾತನ್ನು ತಿರುಚಿದವಳು ಈಗ ಅವಳ ಪರವಾಗಿ ಏನು ಕೇಳಲಿ? ನನ್ನ ಹೆಸರು ಮಾತ್ರ ಇಡಬೇಡ. ಆ ಕೂಸು ನಾಳೆ ದೊಡ್ಡವಳಾಗಿ, ನನಗೆ ಈ ಹೆಸರು ಯಾಕಿಟ್ಟೆ ಅಂತ ನಿನ್ನನ್ನು ಕೇಳುತ್ತಾಳೆ. ಆಗ ನೀನು ನಿಜ ಹೇಳಬೇಕಾಗುತ್ತದೆ, ಇಲ್ಲವೆ ನನ್ನ ಹಾಗೆ ಏನಾದರೊಂದು ಚಂದದ ಮಾತು ಹೇಳಬೇಕಾಗುತ್ತದೆ.

ತೊಟ್ಟಿಲ ದಿನ ನಾನು ಬರುವುದಿಲ್ಲ. ಚಾಳಿನ ಹೆಂಗಸರು ಹೊರಡುವ ಮೊದಲು ಬಾಗಿಲಿಗೆ ಬಂದು, "ಯಾಕ ಆಯಿ, ನಿನ್ನ ಹೆಸರ ಇಡೂದು, ನೀನ ಬರೂದಿಲ್ಲೇನು?" ಅಂತ ಕೇಳೇ ಕೇಳುತ್ತಾರೆ. ಮೈಯಲ್ಲಿ ಹುಷಾರಿಲ್ಲ ಅನ್ನಬಹುದು. ಅನ್ನುವುದಿಲ್ಲ. ಅವರನ್ನು ಕೂಡಿಸಿಕೊಂಡು, ನಿನಗೆ ಬರೆದದ್ದನ್ನೇ ಹೇಳುತ್ತೇನೆ.