ಇನ್ನೂ ಹೇಳೋಕಾಗಲ್ಲ
ಹೋದ ವರ್ಷ ತೀರಿಕೊಂಡ ನನ್ನ ಗೆಳೆಯ ಪಶುವೈದ್ಯನನ್ನು ಕೊಟ್ಟಿಗೆಗಳ ಕಡೆ ಎಲ್ಲರೂ ‘ಹೇಳೋಕಾಗಲ್ಲ ಡಾಕ್ಟ್ರು’ ಎಂದೇ ಕರೆಯುತ್ತಿದ್ದರು. ಅಡುಗೆಗೆ ಉಪ್ಪು ಸಾಕಾ ಎಂದು ಹೆಂಡತಿ ಕೇಳಿದರೆ, ಎರಡನೇ ತುತ್ತು ನುಂಗುವವರೆಗೂ ‘ಇನ್ನೂ ಹೇಳೋಕಾಗಲ್ಲ’ ಎನ್ನುತ್ತಿದ್ದ. ‘ನಮ್ಮ ಮದುವೆ ಆಗಿದೆಯೋ ಇಲ್ವೋ, ಅದನ್ನಾದ್ರೂ ಹೇಳ್ತೀರಾ?’ ಎಂದು ಆಕೆ ರೇಗಿದರೆ ನಗುತ್ತಿದ್ದ. ಪ್ರಯೋಗಾಲಯದಲ್ಲಿ ಅವನು ಹುಡುಕುತ್ತಿದ್ದದ್ದು, ದನಗಳ ಕರುಳಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತು ಕೊನೆಗೆ ಅವುಗಳನ್ನು ಸೊರಗಿಸಿ ಕೊಲ್ಲುವ ಒಂದು ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನು. ಹಸುವಿನ ರಕ್ತ ಅವುಗಳಲ್ಲಿ ಯಾವುದಕ್ಕೆ ಮೊದಲು ಎಚ್ಚೆತ್ತುಕೊಳ್ಳುತ್ತದೆಂದು ತಿಳಿದರೆ ರೋಗವನ್ನು ಬೇಗ ಹಿಡಿಯಬಹುದಿತ್ತು. ‘ಸಿಕ್ತೇನೋ?’ ಎಂದರೆ ಅದೇ ಉತ್ತರ. ಆಸ್ಪತ್ರೆಯ ಹಾಸಿಗೆಯಲ್ಲಿ ‘ಹೇಗಿದ್ದೀಯೋ?’ ಎಂದಾಗಲೂ ಅದನ್ನೇ ಹೇಳಿ ಕಣ್ಣು ಮಿಟುಕಿಸಿದ್ದ. ಆ ಮಾತು ಎಲ್ಲಿಂದ ಬಂತೆಂದು ನನಗೆ ತಿಳಿದದ್ದು, ಅವನ ಶವದ ಪಕ್ಕ ಕೂತು ಅಳುತ್ತಿದ್ದ ಹಸು ಸಾಕುವ ಅಜ್ಜಿಯಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಪರೀಕ್ಷೆಯನ್ನು ನಂಬಿ ಅವಳ ಹಸುವನ್ನು ನೋಡಿ ‘ಏನೂ ಇಲ್ಲಮ್ಮ’ ಎಂದಿದ್ದನಂತೆ. ಅದರಿಂದ ಇಡೀ ಕೊಟ್ಟಿಗೆಗೆ ರೋಗ ಹಬ್ಬಿತಂತೆ. ಅಂದಿನಿಂದ ಅವನು ‘ಏನೂ ಇಲ್ಲ’ ಎಂಬ ಆ ಎರಡು ಮಾತನ್ನು ಯಾರಿಗೂ ಹೇಳಲಿಲ್ಲ, ಆ ಕೊಟ್ಟಿಗೆಗೆ ಹೋಗುವುದನ್ನೂ ಬಿಡಲಿಲ್ಲ. ಅವನು ಗುರುತಿಸಿಟ್ಟುಹೋದ ಪ್ರೋಟೀನಿನಿಂದ ಅವನ ಶಿಷ್ಯೆ ಹೊಸ ಪರೀಕ್ಷೆಯೊಂದನ್ನು ರೂಪಿಸಿದ್ದಾಳೆ. ಮೊನ್ನೆ ಅದರ ಫಲಿತಾಂಶ ತಿಳಿಸಲು ಅವಳು ಅಜ್ಜಿಯ ಕೊಟ್ಟಿಗೆಗೆ ಹೊರಟಾಗ ನಾನೂ ಜೊತೆಗೆ ಹೋದೆ. ಅಜ್ಜಿ ಕಡಸಿನ ಹಗ್ಗ ಬಿಗಿಯಾಗಿ ಹಿಡಿದು, ‘ಈಗಲಾದ್ರೂ ಹೇಳೋಕಾಗುತ್ತೇನಮ್ಮಾ?’ ಎಂದಳು. ‘ಆಗುತ್ತಜ್ಜಿ,’ ಎಂದಳು ಶಿಷ್ಯೆ, ಕಡಸಿನ ಕತ್ತಿನಡಿ ಜೋಲುವ ಗಂಗೆದೊಗಲು ಸವರುತ್ತ. ‘ಇವಳಿಗೆ ಏನೂ ಇಲ್ಲ.’